ಬೀದಿಗಾಡಿಯ ತಿಂಡಿ ಮತ್ತು ಮುಂಬಯಿಗರ ಆರೋಗ್ಯ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಈ ಗಾದೆ ಹುಟ್ಟಿದ್ದು ಮನೆಯಲ್ಲಿ ಬೆಂದ ಅನ್ನವನ್ನು ಮನೆಯಲ್ಲಿಯೇ ಕುಳಿತು ಉಣ್ಣುತ್ತಿದ್ದ ಕಾಲದಲ್ಲಿ. ಬೆಳಗಿನ ಆರೂವರೆಗೆ ವಿರಾರದಲ್ಲಿಯೋ ಬದಲಾಪುರದಲ್ಲಿಯೋ ಲೋಕಲ್ ಹಿಡಿದು, ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮುಂಬಯಿಗನು ದಿನದ ಒಂದು ಹೊತ್ತಾದರೂ ಬೀದಿಯಲ್ಲಿ ನಿಂತು ತಿನ್ನಬೇಕಾಗುತ್ತದೆ. ಅಂಥವನಿಗೆ ‘ಹೊರಗಿನದನ್ನು ಮುಟ್ಟಲೇಬೇಡ’ ಎಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ‘ಎಷ್ಟೋ ವರ್ಷಗಳಿಂದ ತಿನ್ನುತ್ತಿದ್ದೇವೆ, ಏನೂ ಆಗಿಲ್ಲ’ ಎಂಬ ಧೈರ್ಯವೂ ಸಲ್ಲದು. ಈ ಎರಡರ ನಡುವೆ ಮೂರನೆಯದೊಂದು ಮಾರ್ಗವಿದೆ. ರೋಗವು ಗಾಡಿಯ ಯಾವ ಭಾಗದಿಂದ ಬರುತ್ತದೆಂಬುದನ್ನು ತಿಳಿದು ತಿನ್ನುವುದೇ ಆ ಮಾರ್ಗ.

ಗಾಡಿಯ ಹಿನ್ನೆಲೆ

ಮುಂಬಯಿಯ ಬೀದಿ ತಿಂಡಿ ಚಪಲಕ್ಕಾಗಿ ಹುಟ್ಟಿದ್ದಲ್ಲ, ದುಡಿಮೆಗಾಗಿ ಹುಟ್ಟಿದ್ದು. ವಡಾಪಾವನ್ನು 1966ರ ಸುಮಾರಿಗೆ ದಾದರ್ ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬವರು ಮೊದಲು ಮಾರಿದರೆಂಬುದು ಪ್ರಚಲಿತವಾದ ಅಭಿಪ್ರಾಯ. ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕಾರ್ಮಿಕರಿಗೆ ಒಂದು ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದಾದ, ಅಗ್ಗವಾದ, ಹೊಟ್ಟೆ ತುಂಬುವ ಆಹಾರ ಬೇಕಾಗಿತ್ತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಕೆಲಸ ಕಳೆದುಕೊಂಡವರಲ್ಲಿ ಕೆಲವರು ತಾವೇ ವಡೆ ಕರಿಯುವ ಗಾಡಿಯ ಹಿಂದೆ ನಿಂತರು.

ಕನ್ನಡಿಗರಿಗೂ ಈ ಇತಿಹಾಸ ಪರಕೀಯವಲ್ಲ. ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದ ಅಸಂಖ್ಯ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಆ ಪರಂಪರೆಯನ್ನು ನೆನಪಿಸುತ್ತದೆ. ಬೇಯಿಸಿ ಬಡಿಸಿ ಬದುಕಿದ ಸಮಾಜವು ಗಾಡಿಯವನನ್ನು ಕೀಳಾಗಿ ಕಾಣುವುದು ಸರಿಯಲ್ಲ.

ಈ ತಿಂಡಿಗಳ ಬೇರು ಇನ್ನೂ ದೂರಕ್ಕೆ ಹೋಗುತ್ತದೆ. ಬಟಾಟೆ, ಮೆಣಸಿನಕಾಯಿ, ಟೊಮೇಟೊ, ಮೆಕ್ಕೆಜೋಳ ಇವೆಲ್ಲವೂ ಅಮೆರಿಕ ಖಂಡಗಳ ಮೂಲದವು. ಪೋರ್ಚುಗೀಸರು ಬಂದ ಮೇಲೆ ನಮ್ಮ ತೀರಕ್ಕೆ ಇಳಿದವು. ಮಳೆಗಾಲದ ಸಂಜೆ ಮರೀನ್ ಡ್ರೈವಿನಲ್ಲಿ ಕೆಂಡದ ಮೇಲೆ ಸುಟ್ಟು, ಲಿಂಬೆಹೋಳಿನಿಂದ ಉಪ್ಪುಖಾರ ಉಜ್ಜಿ ಕೊಡುವ ಜೋಳದ ತೆನೆಗೂ ಮೆಕ್ಸಿಕೋ ದೇಶದ ಬೀದಿಗಾಡಿಯವನು ಖಾರ ಲಿಂಬೆ ಹಚ್ಚಿ ಕೊಡುವ ತೆನೆಗೂ ಹೆಚ್ಚು ಅಂತರವಿಲ್ಲ. ಎರಡೂ ಕಡೆಗಳಲ್ಲಿ ತಿನ್ನುವವನ ಮುಂದಿರುವ ಪ್ರಶ್ನೆಯೂ ಒಂದೇ: ಇದು ಹೊಟ್ಟೆಗೆ ಹಿತವೇ, ಅಹಿತವೇ?

ರೋಗದ ಮೂರು ಬಾಗಿಲುಗಳು

ಬೀದಿ ತಿಂಡಿಯಿಂದ ಬರುವ ರೋಗಗಳು ಬಹುಮಟ್ಟಿಗೆ ಮೂರು ಬಾಗಿಲುಗಳಿಂದ ಒಳಗೆ ಬರುತ್ತವೆ. ಅವು ನೀರು, ಸಮಯ ಮತ್ತು ಕೈ.

ಮೊದಲನೆಯದು ನೀರು. ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ಮುಂಬಯಿಯ ನೀರು ಶುದ್ಧೀಕರಣಗೊಂಡು, ಕ್ಲೋರಿನ್ ಬೆರೆತು ನಗರಕ್ಕೆ ಹರಿಯುತ್ತದೆ. ಆದರೆ ಗಾಡಿಗೆ ನಲ್ಲಿಯಿಲ್ಲ. ಎಲ್ಲಿಂದಲೋ ತುಂಬಿ ತಂದ ಡ್ರಮ್ಮು, ಅದರೊಳಗೆ ದಿನವಿಡೀ ಮುಳುಗೇಳುವ ಲೋಟ, ತಟ್ಟೆ ಅದ್ದಿ ತೆಗೆಯುವ ಒಂದೇ ಬಾಲ್ದಿ, ಇಲ್ಲಿ ಶುದ್ಧ ನೀರೂ ಕೆಡುತ್ತದೆ. ಪಾನಿಪುರಿಯ ಪಾನಿ, ಹಸಿ ಚಟ್ನಿ, ಕಬ್ಬಿನ ಹಾಲು, ಮಜ್ಜಿಗೆ, ಇವುಗಳಲ್ಲಿ ನೀರು ಬೆಂಕಿಯನ್ನು ಕಾಣದೆಯೇ ಬಾಯಿಗೆ ಬರುತ್ತದೆ. ಮಂಜುಗಡ್ಡೆಯೂ ನೀರೇ ಎಂಬುದನ್ನು ಮರೆಯಬಾರದು. ಮೀನು ಕೆಡದಂತೆ ಇಡಲು ತಯಾರಿಸುವ ಮಂಜುಗಡ್ಡೆ ಶರಬತ್ತಿಗೂ ಬರ್ಫ್ ಗೋಲಾಕ್ಕೂ ಸೇರುತ್ತದೆಂಬ ಕಾರಣದಿಂದಲೇ, ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದಲ್ಲಿ 2018ರಲ್ಲಿ ಆದೇಶ ಹೊರಟಿತು.

ಎರಡನೆಯದು ಸಮಯ. ಬೆಂದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಅಥವಾ 5 ಡಿಗ್ರಿಗಿಂತ ತಂಪಾಗಿ ಇದ್ದಾಗ ಸುರಕ್ಷಿತ. ನಡುವಿನ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದರ ಅರ್ಥ ಕೂಡಲೆ ಹೊಳೆಯುತ್ತದೆ. ಒಂದು ಜೀವಿ ಒಂದು ಗಂಟೆಯಲ್ಲಿ 8, ನಾಲ್ಕು ಗಂಟೆಗಳಲ್ಲಿ 4,096, ಆರು ಗಂಟೆಗಳಲ್ಲಿ 2,62,144 ಆಗುತ್ತದೆ. ಮಧ್ಯಾಹ್ನ ಬೇಯಿಸಿಟ್ಟ ಅನ್ನವನ್ನು ಸಂಜೆ ಕಾವಲಿಯ ಮೇಲೆ ಹುರಿದು ಪುಲಾವ್ ಮಾಡಿದರೆ ದೋಷವೆಲ್ಲ ಹೋಯಿತೆಂದು ತಿಳಿಯುವುದೂ ತಪ್ಪು. ಕೆಲವು ಸೂಕ್ಷ್ಮಜೀವಿಗಳು ಆಹಾರದಲ್ಲಿ ಬಿಟ್ಟ ವಿಷ ಮರಳಿ ಕಾಯಿಸಿದರೂ ನಾಶವಾಗದು.

ಮೂರನೆಯದು ಕೈ. ನೋಟು ಎಣಿಸಿ, ಬೆವರು ಒರೆಸಿ, ಅದೇ ಕೈಯಿಂದ ಪಾವ್ ಸೀಳುವುದನ್ನು ಎಲ್ಲರೂ ನೋಡಿದ್ದಾರೆ. ಶೌಚಾಲಯವೂ ಸಾಬೂನೂ ಹತ್ತಿರವಿಲ್ಲದ ಕಡೆ ಹತ್ತು ಗಂಟೆ ನಿಂತು ದುಡಿಯುವವನ ಕೈ ಸ್ವಚ್ಛವಾಗಿರಬೇಕೆಂದು ಬಯಸುವುದು ಸುಲಭ. ಅದಕ್ಕೆ ಬೇಕಾದ ಸೌಕರ್ಯವನ್ನು ಯಾರು ಒದಗಿಸಬೇಕೆಂಬುದು ಬೇರೆ ಪ್ರಶ್ನೆ. ಅದನ್ನು ಮುಂದೆ ನೋಡೋಣ.

ಈಗ ವಡಾಪಾವನ್ನು ಈ ಮೂರು ಬಾಗಿಲುಗಳಲ್ಲಿ ನಿಲ್ಲಿಸಿ ಪರೀಕ್ಷಿಸಬಹುದು. ಕುದಿಯುವ ಎಣ್ಣೆಯಿಂದ ಆಗತಾನೆ ಎದ್ದ ವಡೆಯಲ್ಲಿ ರೋಗಾಣು ಬದುಕಿರಲಾರದು. ದೋಷ ಸೇರುವುದು ಆ ಮೇಲೆ: ಹಸಿ ಚಟ್ನಿಯಿಂದ, ಹಣ ಮುಟ್ಟಿದ ಕೈಯಿಂದ, ಜೊತೆಗೆ ಕುಡಿಯುವ ನೀರಿನಿಂದ. ಜನರು ಭಯಪಡುವುದು ವಡೆಗೆ. ಭಯಪಡಬೇಕಾದದ್ದು ಪಕ್ಕದ ಲೋಟಕ್ಕೆ.

ತಪ್ಪು ಲೆಕ್ಕ

ಇಲ್ಲಿ ಬಹುಮಂದಿ ಮಾಡುವ ಒಂದು ತಪ್ಪನ್ನು ಗಮನಿಸಬೇಕು. ಕುಂದಾಪುರದ ಕಡೆಯಿಂದ ಬಂದು ನಾಲಾಸೋಪಾರದಲ್ಲಿ ಗೆಳೆಯರೊಡನೆ ಕೋಣೆ ಹಿಡಿದಿರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಜುಲೈ ತಿಂಗಳಲ್ಲಿ ಕಾಮಾಲೆ ತೋರುತ್ತದೆ. ಊರಿನಿಂದ ಅಮ್ಮ ಫೋನಿನಲ್ಲಿ, ‘ನಿನ್ನೆ ಮೊನ್ನೆ ಹೊರಗೆ ಏನು ತಿಂದೆ, ಮಗಾ?’ ಎಂದು ಕೇಳುತ್ತಾಳೆ. ಅವನು ಹಿಂದಿನ ದಿನ ತಿಂದ ಪಾವ್ ಭಾಜಿಯನ್ನು ನೆನೆಯುತ್ತಾನೆ. ಆ ಗಾಡಿಯನ್ನು ಬಿಡುತ್ತಾನೆ. ಪಕ್ಕದ ಗಾಡಿಯ ಐಸ್ ಹಾಕಿದ ಕಬ್ಬಿನ ಹಾಲನ್ನು ಮಾತ್ರ ಮುಂದುವರಿಸುತ್ತಾನೆ.

ಆದರೆ ನೀರು ಆಹಾರಗಳಿಂದ ಬರುವ ಹೆಪಟೈಟಿಸ್ ‘ಎ’ ಕಾಮಾಲೆ ತೋರುವುದು ವೈರಾಣು ಹೊಕ್ಕ 2ರಿಂದ 7 ವಾರಗಳ ನಂತರ, ಸರಾಸರಿ ನಾಲ್ಕು ವಾರಗಳಿಗೆ. ಟೈಫಾಯ್ಡ್ ಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರಗಳು ಬೇಕು. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನಗಳೊಳಗೆ ಕಾಣಿಸುತ್ತದೆ. ಕೆಟ್ಟ ಆಹಾರದ ವಿಷವಾದರೆ ಅರ್ಧ ಗಂಟೆಯಲ್ಲಿಯೇ ವಾಂತಿ ತರಬಹುದು. ಆದುದರಿಂದ ಜುಲೈಯ ಕಾಮಾಲೆಗೆ ಜೂನಿನ ನೀರು ಕಾರಣವಾಗಿರಬಹುದು. ಕಡೆಯದಾಗಿ ತಿಂದ ಗಾಡಿಯ ಮೇಲೆ ಖರ್ಚು ಬರೆದರೆ ಲೆಕ್ಕ ತಪ್ಪುತ್ತದೆ. ನಿಜವಾದ ಸಾಲ ಹಾಗೆಯೇ ಉಳಿದು ಮತ್ತೊಬ್ಬರ ಪಾಲಿಗೆ ಬೆಳೆಯುತ್ತದೆ.

ಆರಿಸುವ ಬಗೆ

ಗಾಡಿಯ ಮುಂದೆ ನಿಂತವನು ಅರ್ಧ ನಿಮಿಷ ಈ ಕೆಳಗಿನ ಸಂಗತಿಗಳನ್ನು ನೋಡುವುದು ಒಳ್ಳೆಯದು.

1. ಕಣ್ಣೆದುರಿಗೆ ಬೆಂದು, ಬಿಸಿಬಿಸಿಯಾಗಿ ಕೈಗೆ ಬರುವುದನ್ನು ಆರಿಸಬೇಕು. ಆವಿಯಲ್ಲಿ ಬೆಂದ ಇಡ್ಲಿ, ಕಾವಲಿಯಿಂದ ನೇರವಾಗಿ ಬಂದ ದೋಸೆ, ಸುಟ್ಟ ಜೋಳದ ತೆನೆ, ಕುದಿಯುತ್ತಿರುವ ಉಸಳ್, ಚಹಾ, ಇವು ಮೇಲು.

2. ಜನ ಹೆಚ್ಚಿರುವ ಗಾಡಿಯಲ್ಲಿ ಪದಾರ್ಥ ಬಹಳ ಹೊತ್ತು ಉಳಿಯುವುದಿಲ್ಲ. ಗಿರಾಕಿಗಳ ಸಾಲು ಸ್ವಚ್ಛತೆಗೆ ಪ್ರಮಾಣಪತ್ರವಲ್ಲ. ಆದರೆ ಸಮಯದ ಅಪಾಯವನ್ನು ತಗ್ಗಿಸುತ್ತದೆ.

3. ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಕತ್ತರಿಸಿದ ಈರುಳ್ಳಿ, ಮಂಜುಗಡ್ಡೆ ಇವುಗಳನ್ನು ಬಿಡಬೇಕು; ಜೂನಿನಿಂದ ಸಪ್ಟಂಬರದವರೆಗೆ ಖಂಡಿತವಾಗಿ ಬಿಡಬೇಕು. ಇಡ್ಲಿಯೊಡನೆ ಬೆಳಗ್ಗೆ ಅರೆದ ತೆಂಗಿನ ಚಟ್ನಿಗಿಂತ ಕುದಿಯುವ ಸಾಂಬಾರು ವಾಸಿ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಎಲ್ಲ ಕಾಲಕ್ಕೂ ಸರಿ.

4. ನೀರನ್ನು ಮನೆಯಿಂದಲೇ ಒಯ್ಯಬೇಕು. ಈ ಒಂದು ಅಭ್ಯಾಸದಿಂದಲೇ ಅರ್ಧ ಭಯ ದೂರವಾಗುತ್ತದೆ.

5. ಎಣ್ಣೆಯನ್ನು ನೋಡಬೇಕು. ಕಪ್ಪಾಗಿ, ಮಂದವಾಗಿ, ಹೊಗೆಯಾಡುವ ಎಣ್ಣೆ ಬಹಳ ಸಲ ಕಾದದ್ದು. ಹೀಗೆ ಕೆಟ್ಟ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಅಡಿಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ಜಾರಿಗೆ ಬಂದಿದೆ. ಕರಿದ ತಿಂಡಿಯನ್ನು ಮುದ್ರಿತ ವೃತ್ತಪತ್ರಿಕೆಯಲ್ಲಿ ಸುತ್ತಿಸಿಕೊಳ್ಳಬಾರದು; ಶಾಯಿ ಎಣ್ಣೆಯೊಡನೆ ಹೊಟ್ಟೆ ಸೇರುತ್ತದೆ.

6. ಹಣ ಪಡೆಯುವ ಕೈ ಬೇರೆ, ಬಡಿಸುವ ಕೈ ಬೇರೆ ಇರುವ ಗಾಡಿ ಉತ್ತಮ. ಒಬ್ಬನೇ ಇದ್ದಲ್ಲಿ ಮೊಬೈಲಿನ ಮೂಲಕ ಹಣ ಸಲ್ಲಿಸಿದರೆ ಅವನು ನೋಟು ಮುಟ್ಟುವುದಾದರೂ ತಪ್ಪುತ್ತದೆ.

ಇದಲ್ಲದೆ, ರೋಗಾಣುವಿಲ್ಲದ ತಿಂಡಿಯೆಲ್ಲ ನಿತ್ಯದ ಆಹಾರವಾಗಲಾರದು. ವಡಾಪಾವಿನಲ್ಲಿ ಬಟಾಟೆ, ಮೈದಾ, ಎಣ್ಣೆ, ಉಪ್ಪು ಧಾರಾಳವಾಗಿವೆ. ಸಸಾರಜನಕ ಮತ್ತು ನಾರು ಕಡಿಮೆ. ದಿನಕ್ಕೆ ಒಬ್ಬನು 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವಡಾಪಾವನ್ನು ಅಪರೂಪಕ್ಕೆ ಇಟ್ಟುಕೊಂಡು, ನಿತ್ಯಕ್ಕೆ ಬೇಯಿಸಿದ ಕಡಲೆ, ಮೊಳಕೆಕಾಳಿನ ಉಸಳ್, ಹುರಿದ ಶೇಂಗಾ ಇಂಥವುಗಳನ್ನು ಆರಿಸುವುದು ಲೇಸು.

ರೋಗ ಬಂದಾಗ

ವಾಂತಿಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ದೇಹದ ನೀರು, ಲವಣಗಳ ನಷ್ಟ. ಔಷಧದಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಅದು ಸಿಗದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಉಪ್ಪು ಹೆಚ್ಚಾಗಬಾರದು. ಮಕ್ಕಳಿಗೆ ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನೂ ಕೊಡಬೇಕು.

ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಪರು, ಕುಡಿದದ್ದೆಲ್ಲ ವಾಂತಿಯಾಗುವುದು, ಮೂರು ದಿನಕ್ಕೂ ಇಳಿಯದ ಜ್ವರ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬಾರದು. ಹೆಪಟೈಟಿಸ್ ‘ಇ’ ಎಂಬ ಬಗೆಯು ಗರ್ಭದ ಕಡೆಯ ಮೂರು ತಿಂಗಳುಗಳಲ್ಲಿ ತಾಯಿಯ ಪ್ರಾಣಕ್ಕೇ ಸಂಚಕಾರ ತರಬಲ್ಲುದು. ಉಳಿದಿರುವ ಹಳೆಯ ಜೀವಿರೋಧಕ ಮಾತ್ರೆಗಳನ್ನು ತಾವೇ ನುಂಗುವ ಅಭ್ಯಾಸದಿಂದ ಟೈಫಾಯ್ಡನ್ನು ಗುರುತಿಸುವುದೂ ಗುಣಪಡಿಸುವುದೂ ಕಷ್ಟವಾಗುತ್ತದೆ. ಟೈಫಾಯ್ಡ್ ಮತ್ತು ಹೆಪಟೈಟಿಸ್ ‘ಎ’ ಎರಡಕ್ಕೂ ಲಸಿಕೆಗಳುಂಟು. ನಿತ್ಯ ಹೊರಗೆ ತಿನ್ನುವವರು ವೈದ್ಯರನ್ನು ವಿಚಾರಿಸಬೇಕು.

ಗಾಡಿಗೂ ಒಂದು ನಲ್ಲಿ

ತಿನ್ನುವವನ ಎಚ್ಚರಿಕೆಯೊಂದರಿಂದಲೇ ಸಮಸ್ಯೆ ತೀರದು. ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಮೆಕ್ಸಿಕೋ ಮೂಲದವರ ಟಾಕೋ ಗಾಡಿಗಳು ಪ್ರಸಿದ್ಧವಾಗಿವೆ. ಅಲ್ಲಿನ ಆಡಳಿತವು 1998ರಿಂದ ಹೋಟೆಲುಗಳ ಬಾಗಿಲಲ್ಲಿ ಸ್ವಚ್ಛತೆಯ ದರ್ಜೆಯನ್ನು ಎ, ಬಿ, ಸಿ ಎಂಬ ಅಕ್ಷರಗಳಲ್ಲಿ ತೂಗುಹಾಕಿಸುತ್ತ ಬಂದು, ಮುಂದೆ ತಿಂಡಿಯ ವಾಹನಗಳಿಗೂ ಅದನ್ನು ವಿಸ್ತರಿಸಿತು. ಅಲ್ಲಿನ ವಾಹನದಲ್ಲಿ ಶುದ್ಧ ನೀರಿನ ತೊಟ್ಟಿ, ಕೊಳೆ ನೀರಿನ ತೊಟ್ಟಿ, ಕೈತೊಳೆಯುವ ಬೋಗುಣಿ ಇರಬೇಕು. ನಮ್ಮ ಗಾಡಿಯವನಿಗೆ ಇರುವುದು ಒಂದು ಬಾಲ್ದಿ. ವ್ಯತ್ಯಾಸವಿರುವುದು ವ್ಯವಸ್ಥೆಯಲ್ಲಿ, ಮನುಷ್ಯನಲ್ಲಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿ, ಪ್ರಮಾಣಪತ್ರ, ನಿಗದಿತ ಸ್ಥಳಗಳನ್ನು ಕುರಿತು ಹೇಳುತ್ತದೆ. 2020ರ ಜೂನಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಲ್ಲಿ ಅಡವಿಲ್ಲದೆ 10,000 ರೂಪಾಯಿಗಳ ಮೊದಲ ಸಾಲ ದೊರೆಯುವಂತಾಯಿತು. ಸಕಾಲದಲ್ಲಿ ತೀರಿಸಿದವರಿಗೆ ಹೆಚ್ಚಿನ ಸಾಲವೂ ಬಡ್ಡಿಯಲ್ಲಿ ರಿಯಾಯಿತಿಯೂ ಉಂಟು. ನಲ್ಲಿಯುಳ್ಳ ಮುಚ್ಚಿದ ನೀರಿನ ಪಾತ್ರೆ, ಗಾಜಿನ ಮುಚ್ಚಳ, ಇಕ್ಕಳ, ಸಾಬೂನು, ಇವಕ್ಕೆ ಬಹಳ ಬಂಡವಾಳ ಬೇಡ. ಆದರೆ ನಾಳೆ ಇದೇ ಜಾಗದಲ್ಲಿ ನಿಲ್ಲುತ್ತೇನೆಂಬ ಭರವಸೆಯಿಲ್ಲದವನು, ಯಾವ ಕ್ಷಣದಲ್ಲಾದರೂ ಗಾಡಿ ಜಪ್ತಿಯಾದೀತೆಂಬ ಭಯದಲ್ಲಿರುವವನು, ಅಷ್ಟು ಹಣವನ್ನೂ ತೊಡಗಿಸಲು ಹಿಂಜರಿಯುತ್ತಾನೆ. ಸ್ಥಿರವಾದ ಜಾಗ ಮತ್ತು ಹತ್ತಿರದಲ್ಲೊಂದು ನೀರಿನ ನಲ್ಲಿ ದೊರೆತರೆ ಗಾಡಿಯವನಿಗೂ ಗಿರಾಕಿಗೂ ಲಾಭವೇ.

ಗಿರಾಕಿಯೂ ಒಂದು ಕೆಲಸ ಮಾಡಬಹುದು. ನಿತ್ಯ ಹೋಗುವ ಗಾಡಿಯವನೊಡನೆ, ‘ದಾದಾ, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿರಿ, ಚಟ್ನಿಗೆ ಚಮಚ ಇಡಿರಿ’ ಎಂದು ಗೌರವದಿಂದ ಹೇಳಬಹುದು. ಹತ್ತು ಮಂದಿ ಹೇಳಿದರೆ ಹನ್ನೊಂದನೆಯ ದಿನ ಮುಚ್ಚಳ ಬಂದೀತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ಈ ಮಹಾನಗರದಲ್ಲಿ ತಿನ್ನುವವನಿಗೆ ಎಷ್ಟು ಅನ್ವಯಿಸುತ್ತದೆಯೋ ಬಡಿಸುವವನಿಗೂ ನೀರು ಕೊಡಬೇಕಾದವರಿಗೂ ಅಷ್ಟೇ ಅನ್ವಯಿಸುತ್ತದೆ.