ಚೋಮನ ದುಡಿ, ಲೆನ್ನಿಯ ಮೊಲ: ಕಾದಂಬರಿಯಲ್ಲಿ ಸಂಕೇತ ಓದುವುದು ಹೇಗೆ?

ಗ್ರಂಥಾಲಯದಲ್ಲಿ ‘ಚೋಮನ ದುಡಿ’ ಕೈಗೆ ಸಿಕ್ಕಾಗ ಅದರ ಹೆಸರನ್ನೇ ನಾನು ತಪ್ಪಾಗಿ ತಿಳಿದುಕೊಂಡೆ. ನಮ್ಮ ಮನೆಮಾತು ಉರ್ದು. ಕನ್ನಡ ಕಲಿತದ್ದು ಓಣಿಯಲ್ಲಿ ಮತ್ತು ಶಾಲೆಯಲ್ಲಿ. ನಮ್ಮ ಓಣಿಯಲ್ಲಿ ‘ದುಡಿಯಾಕ ಹೋಗ್ಯಾರ’ ಅಂದರೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿದ್ದಾರೆ ಎಂದರ್ಥ. ಹಾಗಾಗಿ ‘ಚೋಮನ ದುಡಿ’ ಅಂದರೆ ಚೋಮನ ದುಡಿಮೆ ಎಂದುಕೊಂಡೆ. ಕನ್ನಡ ಮೇಡಂ ನಕ್ಕರು. ‘ದುಡಿ ಅಂದರೆ ಬಾರಿಸುವ ವಾದ್ಯ. ಪೂರ್ತಿ ಓದಿಕೊಂಡು ಬಾ, ನಿನ್ನ ತಪ್ಪು ಎಷ್ಟು ತಪ್ಪು ಅಂತ ಆಮೇಲೆ ನೋಡೋಣ’ ಎಂದರು.

ಅದೇ ವಾರ ಇಂಗ್ಲಿಷ್ ಉಪನ್ಯಾಸಕರು ಜಾನ್ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಸಣ್ಣ ಅಮೆರಿಕನ್ ಕಾದಂಬರಿ ಓದಲು ಹೇಳಿದರು. ಎರಡನ್ನೂ ಜೊತೆಗಿಟ್ಟು ಓದಿದೆ. ಓದಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ‘ಆಶಯ ಮತ್ತು ಸಂಕೇತಗಳನ್ನು ವಿವರಿಸಿ’ ಎಂಬ ಪ್ರಶ್ನೆ ಕಂಡರೆ ಹೆದರುವ ಗೆಳೆಯರಿಗೆ ಇದು ಉಪಯೋಗವಾಗಬಹುದು.

ಕಥೆ ಎರಡು, ಕನಸು ಒಂದು

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಕಥೆ ನಡೆಯುವುದು ಕರಾವಳಿಯ ಕಡೆ. ಅಸ್ಪೃಶ್ಯನೆಂದು ಊರು ದೂರ ಇಟ್ಟಿರುವ ಚೋಮ ಒಡೆಯನ ಮನೆಯ ಜೀತದಾಳು. ಅವನ ಬಳಿ ಒಂದು ಜೋಡಿ ಎತ್ತುಗಳಿವೆ, ಉಳಲು ಹೊಲವಿಲ್ಲ. ಒಂದು ತುಂಡು ಭೂಮಿಯನ್ನು ತಾನೇ ಬೇಸಾಯ ಮಾಡಬೇಕು ಎಂಬುದೊಂದೇ ಅವನ ಆಸೆ.

‘ಆಫ್ ಮೈಸ್ ಅಂಡ್ ಮೆನ್’ ಬಂದದ್ದು 1937ರಲ್ಲಿ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಜಾರ್ಜ್ ಮತ್ತು ಲೆನ್ನಿ ಕೂಲಿ ಹುಡುಕುತ್ತ ಕ್ಯಾಲಿಫೋರ್ನಿಯಾದಲ್ಲಿ ತೋಟದಿಂದ ತೋಟಕ್ಕೆ ಅಲೆಯುವವರು. ಲೆನ್ನಿಗೆ ದೇಹದಲ್ಲಿ ಬಹಳ ಶಕ್ತಿ, ಬುದ್ಧಿ ಮಾತ್ರ ಸಣ್ಣ ಮಗುವಿನದು. ತಮ್ಮದೇ ಸ್ವಲ್ಪ ಜಮೀನು, ಒಂದು ಮನೆ, ಲೆನ್ನಿ ಸಾಕಲು ಮೊಲಗಳು: ಇದು ಅವರ ಕನಸು.

ಎರಡರಲ್ಲೂ ಕನಸು ಮುರಿಯುತ್ತದೆ. ಆದರೆ ಮುರಿಯುವ ಕಾರಣ ಒಂದೇ ಅಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ್ದರಿಂದ ಮೊದಲು ಲೆಕ್ಕ ಹಾಕಿದೆ. ಜಾರ್ಜ್ ಕಣ್ಣಿಟ್ಟ ಜಮೀನಿನ ಬೆಲೆ 600 ಡಾಲರ್. ತೋಟದ ಮುದುಕ ಕ್ಯಾಂಡಿ 350 ಕೊಡುತ್ತೇನೆ ಎನ್ನುತ್ತಾನೆ. ಜಾರ್ಜ್ ಮತ್ತು ಲೆನ್ನಿ ತಿಂಗಳ ಕೊನೆಗೆ 100 ಕೂಡಿಸಬಲ್ಲರು. ಒಟ್ಟು 450, ಕೊರತೆ 150. ಅಂದರೆ ಆ ಕನಸಿಗೆ ಒಂದು ಬೆಲೆ ಇತ್ತು, ಅದು ಕೈಗೆಟುಕುವಷ್ಟು ಹತ್ತಿರವೂ ಇತ್ತು.

ಚೋಮನ ಕನಸಿಗೆ ಬೆಲೆಯನ್ನೇ ಯಾರೂ ಹೇಳಲಿಲ್ಲ. ಅವನ ಜಾತಿಯವರು ಬೇಸಾಯ ಮಾಡಬಾರದು ಎಂಬುದೇ ಅಲ್ಲಿ ಕಟ್ಟಳೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಬಂದು ‘ಉಳುವವನೇ ಹೊಲದೊಡೆಯ’ ಎಂದಾಗ ಗೇಣಿದಾರರಿಗೆ ಭೂಮಿ ಸಿಕ್ಕಿತು. ಚೋಮ ಆ ದಿನದವರೆಗೆ ಬದುಕಿದ್ದರೂ ಅವನು ಗೇಣಿದಾರನಲ್ಲ, ಏಕೆಂದರೆ ಅವನಿಗೆ ಉಳಲು ಬಿಟ್ಟಿರಲೇ ಇಲ್ಲ. ಅಮೆರಿಕದ ಕಾದಂಬರಿಯಲ್ಲೂ ಚೋಮನಂಥವನೊಬ್ಬ ಇದ್ದಾನೆ, ಕುದುರೆ ಲಾಯದ ಕಪ್ಪು ಆಳು ಕ್ರೂಕ್ಸ್. ಬಿಳಿಯ ಕೂಲಿಗಳ ಕೋಣೆಗೆ ಅವನಿಗೆ ಪ್ರವೇಶವಿಲ್ಲ. ‘ನಾನೂ ನಿಮ್ಮ ಜೊತೆ ಬರಲೇ’ ಎಂದು ಒಮ್ಮೆ ಕೇಳುತ್ತಾನೆ, ಬೆದರಿಕೆ ಬಿದ್ದ ಕೂಡಲೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಬಡತನ ಒಂದು ಗೋಡೆ, ಜಾತಿ ಮತ್ತು ಬಣ್ಣ ಇನ್ನೊಂದು ಗೋಡೆ. ನನಗೆ ಕಂಡ ಮುಖ್ಯ ಆಶಯ ಇದೇ.

ಸಂಕೇತವನ್ನು ಗುರುತಿಸುವುದು

ಶಹಾಪುರದ ಬೆಟ್ಟವನ್ನು ನಾವೆಲ್ಲ ನೋಡಿದ್ದೇವೆ. ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ, ಹತ್ತಿರ ಹೋದರೆ ಬರೀ ಬಂಡೆ. ಆ ರೂಪ ನೋಡುವವರ ಕಣ್ಣಿನಲ್ಲಿದೆ. ಕಾದಂಬರಿಯ ಸಂಕೇತ ಹಾಗಲ್ಲ. ನಮಗೆ ತೋಚಿದ ವಸ್ತುವನ್ನು ಸಂಕೇತ ಎಂದು ಬರೆದರೆ ಸಾಲದು, ಪುಸ್ತಕದ ಒಳಗಿನಿಂದಲೇ ಸಾಕ್ಷಿ ಕೊಡಬೇಕು. ಅದಕ್ಕೆ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ.

1. ಆ ವಸ್ತು ಪಾತ್ರದ ದಿನನಿತ್ಯದ ಬದುಕಿನಲ್ಲಿ ನಿಜವಾಗಿ ಇದೆಯೇ?
2. ಅದು ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆಯೇ?
3. ಕಥೆ ಮುಗಿಯುವಾಗ ಅದರ ಅರ್ಥ ಬದಲಾಗಿರುತ್ತದೆಯೇ?

ದುಡಿಯನ್ನು ಪರೀಕ್ಷಿಸೋಣ. ಅದು ಚೋಮನ ಗುಡಿಸಲಲ್ಲೇ ಇರುವ ವಸ್ತು. ಖುಷಿಯಾದರೂ, ಸಿಟ್ಟು ಬಂದರೂ, ದುಃಖವಾದರೂ ಅವನು ಅದನ್ನೇ ಬಾರಿಸುತ್ತಾನೆ. ಒಡೆಯನ ಮುಂದೆ ಆಡಲಾಗದ ಮಾತನ್ನೆಲ್ಲ ದುಡಿ ಆಡುತ್ತದೆ. ಕೊನೆಗೆ ಮಕ್ಕಳೂ ಇಲ್ಲ, ಆಸೆಯೂ ಇಲ್ಲ ಎಂದಾದಾಗ ಎತ್ತುಗಳನ್ನು ಅಟ್ಟಿಬಿಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ದುಃಖ ಮರೆಸುತ್ತಿದ್ದ ವಾದ್ಯ ಅವನ ಕೊನೆಯ ಉಸಿರಾಗುತ್ತದೆ. ಮೂರೂ ಪ್ರಶ್ನೆಗೆ ಉತ್ತರ ಹೌದು.

ಲೆನ್ನಿಯ ಮೊಲಗಳೂ ಪಾಸಾಗುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ಆದರೆ ಲೆನ್ನಿ ದಿನವೂ ಅವುಗಳ ಕಥೆ ಹೇಳಿಸಿಕೊಳ್ಳುತ್ತಾನೆ. ಅವನು ಮುದ್ದಿನಿಂದ ಹಿಡಿದ ಇಲಿ ಸಾಯುತ್ತದೆ, ನಾಯಿಮರಿ ಸಾಯುತ್ತದೆ, ಕೊನೆಗೆ ಮನುಷ್ಯರೊಬ್ಬರ ಪ್ರಾಣವೂ ಅವನ ಕೈಯಲ್ಲಿ ಹೋಗುತ್ತದೆ. ಮುಕ್ತಾಯದಲ್ಲಿ ಜಾರ್ಜ್ ಅದೇ ಕಥೆ ಹೇಳುತ್ತ ಗೆಳೆಯನಿಗೆ ಗುಂಡು ಹೊಡೆಯುತ್ತಾನೆ. ಕನಸಿನ ಕಥೆ ಬೀಳ್ಕೊಡುವ ಮಾತಾಗುತ್ತದೆ.

ಲೆಕ್ಕದ ಪುಸ್ತಕವೂ ಒಂದು ಸಂಕೇತ

ದುಡಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಕಾಡಿದ್ದು ಸಾಲದ ಲೆಕ್ಕ. ಸಾಲ ತೀರಿಸಲು ಚೋಮ ಇಬ್ಬರು ಗಂಡುಮಕ್ಕಳನ್ನು ಘಟ್ಟದ ತೋಟಕ್ಕೆ ಕಳಿಸುತ್ತಾನೆ. ಒಬ್ಬ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ದೂರವಾಗುತ್ತಾನೆ. ಸಾಲ ಹಾಗೇ ಉಳಿಯುತ್ತದೆ. ಮಗಳು ಬೆಳ್ಳಿ ಹೋಗುತ್ತಾಳೆ. ಅಲ್ಲಿ ಅವಳ ಮೇಲೆ ದೌರ್ಜನ್ಯ ನಡೆಯುತ್ತದೆ, ಸಾಲ ವಜಾ ಆಗುತ್ತದೆ. ಸಾಲ ತೀರಿತು ಎಂಬ ಸುದ್ದಿಯಷ್ಟೇ ಅಪ್ಪನಿಗೆ ತಲುಪುತ್ತದೆ.

ಲೆಕ್ಕಶಾಸ್ತ್ರದ ಮೊದಲ ಪಾಠ ನೆನಪಿಸಿಕೊಳ್ಳಿ: ಪ್ರತಿ ಡೆಬಿಟ್‌ಗೂ ಅಷ್ಟೇ ಮೊತ್ತದ ಕ್ರೆಡಿಟ್ ಇರಬೇಕು. ಚೋಮನ ಕಡೆಯಿಂದ ಜರ್ನಲ್ ನಮೂದು ಬರೆಯಲು ಕೂತೆ. ಸಾಲದ ಖಾತೆ ಡೆಬಿಟ್ ಎಂದು ಬರೆದೆ. ಕ್ರೆಡಿಟ್ ಯಾವುದಕ್ಕೆ? ನಗದು ಕೊಟ್ಟಿಲ್ಲ. ಕೊಟ್ಟದ್ದಕ್ಕೆ ಯಾವ ಪುಸ್ತಕದಲ್ಲೂ ಖಾತೆ ಇಲ್ಲ. ನನ್ನ ಪೆನ್ನು ಅಲ್ಲೇ ನಿಂತಿತು. ಸಾಲ ತೀರಿತು ಎಂದು ಲೆಕ್ಕದ ಪುಸ್ತಕ ಹೇಳಬಹುದು. ಯಾರು, ಏನು ಕೊಟ್ಟು ತೀರಿಸಿದರು ಎಂಬುದನ್ನು ಕಾದಂಬರಿ ಮಾತ್ರ ಹೇಳುತ್ತದೆ.

ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ 1976ರದು. ಆದರೆ ಅಡ್ವಾನ್ಸ್ ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. ನಮ್ಮ ಮಾಮು ಮನೆ ಕಟ್ಟಿಸಲು ಒಬ್ಬ ಮೇಸ್ತ್ರಿಯಿಂದ 60 ಸಾವಿರ ಅಡ್ವಾನ್ಸ್ ತಂದರು. ಅದು ತೀರಲೆಂದು ಅವರ ದೊಡ್ಡ ಮಗ ಪ್ರಥಮ ಪಿಯುಸಿ ಬಿಟ್ಟು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಮನೆ ಒಂದು ಅಂತಸ್ತು ಆಗಿದೆ. ಮುಂದೆ ಮಹಡಿ ಏರಿಸಲೆಂದು ಕಂಬಗಳ ಮೇಲೆ ಕಬ್ಬಿಣದ ಸರಳು ಬಿಟ್ಟಿದ್ದಾರೆ. ಎರಡು ಮಳೆಗಾಲಕ್ಕೆ ಅವು ತುಕ್ಕು ಹಿಡಿದಿವೆ.

ಈದ್‌ಗೆ ಭಾಯ್ ಬಂದಾಗ ನನ್ನ ಮೂರು ಪ್ರಶ್ನೆ ಹೇಳಿ, ‘ಆ ಸರಳು ನಿಮ್ಮ ಮನೆಯ ಸಂಕೇತ’ ಎಂದೆ. ‘ಅದು ಸಂಕೇತ ಅಲ್ಲ, 12 ಎಂಎಂ ರಾಡು’ ಎಂದು ನಕ್ಕ. ಆಮೇಲೆ ಚೋಮನ ಕಥೆ ಹೇಳು ಎಂದ. ಹೇಳಿದೆ. ‘ಎತ್ತು ಯಾಕೆ ಓಡಿಸಿಬಿಟ್ಟ?’ ಎಂದು ಕೇಳಿ ಸುಮ್ಮನೆ ಕೂತ.

ಮೇಡಂಗೆ ಈಗ ಉತ್ತರ ಕೊಡಬಲ್ಲೆ. ನನ್ನ ತಪ್ಪು ಪೂರ್ತಿ ತಪ್ಪಲ್ಲ. ಜೀವನವೆಲ್ಲ ದುಡಿದವನಿಗೆ ತನ್ನದೆಂದು ಉಳಿದದ್ದು ದುಡಿ ಒಂದೇ.

ಉತ್ತರ ಬರೆಯುವಾಗ

ಮೊದಲು ಆಶಯವನ್ನು ಒಂದೇ ವಾಕ್ಯದಲ್ಲಿ ಹೇಳಿ. ಆಮೇಲೆ ಸಂಕೇತ, ಅದು ಕಥೆಯಲ್ಲಿ ಬರುವ ಕನಿಷ್ಠ ಎರಡು ಸನ್ನಿವೇಶ, ಕೊನೆಗೆ ಅದರ ಅರ್ಥ ಹೇಗೆ ಬದಲಾಯಿತು ಎಂಬುದನ್ನು ಬರೆಯಿರಿ. ಸಮಯವಿದ್ದರೆ ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ‘ಚೋಮನ ದುಡಿ’ ಚಿತ್ರ ನೋಡಿ. ಚೋಮನಾಗಿ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಿದೆ.

ಪುಸ್ತಕ ಈಗ ಗ್ರಂಥಾಲಯದಲ್ಲಿಲ್ಲ. ಭಾಯ್ ಚೀಲದಲ್ಲಿ ಬೆಂಗಳೂರಿಗೆ ಹೋಗಿದೆ. ಓದಿ ಮುಗಿಸಿ ತರುತ್ತೇನೆ ಎಂದಿದ್ದಾನೆ. ಗ್ರಂಥಪಾಲಕರು ದಯವಿಟ್ಟು ಕ್ಷಮಿಸಬೇಕು, ತಡವಾದರೆ ದಂಡ ನಾನೇ ಕಟ್ಟುತ್ತೇನೆ.