ಅಳತೆ ಕೇಳದೆ ದಿನ ಗೊತ್ತುಮಾಡಬೇಡ

ಪುಟ್ಟಿ, ನಿನ್ನ ಪವರ್ ಮೈನಸ್ ಒಂಬತ್ತು, ಕಾರ್ನಿಯಾ ತೆಳು, ಹಾಗಾಗಿ ಲೇಸರ್ ಬೇಡ, ಕಣ್ಣೊಳಗೇ ಲೆನ್ಸ್ ಕೂರಿಸೋಣ ಎಂದು ಡಾಕ್ಟರು ಹೇಳಿದರಂತೆ. ಒಳ್ಳೆಯ ಸಲಹೆಯೇ. ಆದರೆ "ಅಜ್ಜಿಗೆ ಪೊರೆ ಆಪರೇಷನ್ನಿನಲ್ಲಿ ಹಾಕಿದ್ದೂ ಇದೇ ಅಲ್ಲವೇ" ಎಂದು ನಿನ್ನಮ್ಮ ಅಂದದ್ದು ಸರಿಯಲ್ಲ. ಅಜ್ಜಿಯ ಮಸುಕಾದ ಮಸೂರವನ್ನು ತೆಗೆದು ಆ ಜಾಗಕ್ಕೆ ಬೇರೆಯದನ್ನು ಇಟ್ಟರು. ನಿನ್ನ ಮಸೂರ ಚೆನ್ನಾಗಿದೆ, ಅದು ಅಲ್ಲೇ ಇರುತ್ತದೆ. ಐಸಿಎಲ್ ಎಂಬ ಈ ಹೊಸ ಲೆನ್ಸ್ ಕೂರುವುದು ಅದರ ಮುಂದೆ, ಐರಿಸ್ ಎಂಬ ಬಣ್ಣದ ಪರದೆಯ ಹಿಂದೆ. ಎರಡು ಮಸೂರಗಳ ನಡುವೆ ಉಳಿಯುವ ಸಂದು ಸುಮಾರು ಅರ್ಧ ಮಿಲಿಮೀಟರ್.

ಆ ಸಂದೇ ಮುಖ್ಯ. ಲೆನ್ಸ್ ಅಳತೆಗಿಂತ ಚಿಕ್ಕದಾದರೆ ನಿನ್ನ ಸ್ವಂತ ಮಸೂರಕ್ಕೆ ತಾಗಿ, ಈ ವಯಸ್ಸಿಗೇ ಪೊರೆ ಬರಬಹುದು. ದೊಡ್ಡದಾದರೆ ಐರಿಸ್ಸನ್ನು ಮುಂದಕ್ಕೆ ತಳ್ಳಿ, ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟಿ ಒತ್ತಡ ಏರಬಹುದು. ಅಮೆರಿಕದ ಎಫ್‌ಡಿಎ 2022ರಲ್ಲಿ ಒಪ್ಪಿದ ಮಾದರಿಯಲ್ಲಿ ನೀರು ಹರಿಯಲೆಂದೇ ನಡುವೆ 0.36 ಮಿಲಿಮೀಟರಿನ ತೂತಿದೆ. ಅಪಾಯ ಬಹಳ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

1950ರ ದಶಕದಲ್ಲಿ ಯುರೋಪಿನ ವೈದ್ಯರು ಇಂಥ ಲೆನ್ಸನ್ನು ಐರಿಸ್ಸಿನ ಮುಂದೆ ಇಟ್ಟು ನೋಡಿದ್ದರು. ಕಾರ್ನಿಯಾದ ಒಳಪದರದ ಜೀವಕೋಶಗಳು ಸತ್ತು, ಎಷ್ಟೋ ಜನರಿಗೆ ಹಾಕಿದ್ದನ್ನು ತೆಗೆಯಬೇಕಾಯಿತು. ಆ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಆಪರೇಷನ್ನಿಗೆ ಮೊದಲೇ ಅವುಗಳ ಎಣಿಕೆ ಮಾಡಿಸು. ಕಾರ್ನಿಯಾದಿಂದ ಮಸೂರದವರೆಗಿನ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು. ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಕಾಂಟ್ಯಾಕ್ಟ್ ಲೆನ್ಸನ್ನು ಡಾಕ್ಟರು ಹೇಳಿದಷ್ಟು ದಿನ ಮೊದಲೇ ಬಿಟ್ಟು ಅಳತೆಗೆ ಹೋಗು, ಇಲ್ಲದಿದ್ದರೆ ಅಳತೆಯೇ ತಪ್ಪಿದರೆ ಆಶ್ಚರ್ಯವಿಲ್ಲ. ಮದುವೆ ಹತ್ತಿರ ಬಂತು ಎಂದು ಇದರಲ್ಲಿ ಯಾವುದನ್ನೂ ಬಿಡಬೇಡ. ಕನ್ನಡಕ ಹಾಕಿಕೊಂಡೇ ಧಾರೆಗೆ ನಿಂತರೆ ಯಾರ ಗಂಟೂ ಹೋಗುವುದಿಲ್ಲ.

ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣಬಹುದು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವರಿಗೆ ಉಳಿಯುತ್ತದೆ. ನೀನು ರಾತ್ರಿ ಪಾಳಿ ಮುಗಿಸಿ ಗಾಡಿ ಓಡಿಸುವವಳು, ಇದನ್ನು ಮೊದಲೇ ಡಾಕ್ಟರಿಗೆ ಹೇಳು. "ಬೇಡವೆಂದರೆ ತೆಗೆಯಬಹುದು" ಎಂದೂ ಹೇಳುತ್ತಾರೆ. ನಿಜ, ಆದರೆ ತೆಗೆಯುವುದೂ ಇನ್ನೊಂದು ಆಪರೇಷನ್ನೇ, ಅಷ್ಟರಲ್ಲಿ ಬಂದ ಪೊರೆ ಅದರಿಂದ ಹೋಗುವುದಿಲ್ಲ.

ಆಪರೇಷನ್ ಆದ ಮೇಲೆ ತೀವ್ರ ನೋವು, ತಲೆನೋವಿನ ಜೊತೆ ವಾಂತಿ, ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು, ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡು. ಒತ್ತಡವಿರಲಿ, ಸೋಂಕಿರಲಿ, ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಕಳೆದೀತು. ಡ್ರಾಪ್ಸನ್ನು ನೀನೇ ನಿಲ್ಲಿಸಬೇಡ, ನೀನೇ ಮುಂದುವರಿಸಲೂ ಬೇಡ. ಸ್ಟೆರಾಯ್ಡ್ ಇರುವ ಹನಿ ಕೆಲವರ ಕಣ್ಣೊತ್ತಡ ಏರಿಸುತ್ತದೆ.

ಇನ್ನೊಂದನ್ನು ಜನ ಪೂರ್ತಿ ಮರೆಯುತ್ತಾರೆ. ಕನ್ನಡಕ ಹೋದರೂ ನಿನ್ನದು ಉದ್ದವಾಗಿ ಬೆಳೆದ ಕಣ್ಣೇ. ಅದರ ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ, ಹರಿಯುವ ಭಯ ಮೊದಲಿನಂತೆಯೇ ಇರುತ್ತದೆ. ಮಿಂಚು ಹೊಡೆದಂತಾದರೆ, ಹೊಸ ಕಪ್ಪು ಚುಕ್ಕೆಗಳು ತೇಲಿದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ತೋರಿಸು. ಆಪರೇಷನ್ ಆದಾಗ ಕೊಡುವ ಲೆನ್ಸಿನ ಕಾರ್ಡನ್ನು ಜೋಪಾನವಾಗಿಡು. ವರ್ಷಕ್ಕೊಮ್ಮೆ ಹೋದಾಗ ಒತ್ತಡ, ಸಂದು, ಕೋಶಗಳ ಎಣಿಕೆ, ರೆಟಿನಾ ಎಲ್ಲವನ್ನೂ ನೋಡಿ ಬರೆದುಕೊಡಿ ಎಂದು ಕೇಳು. ಊರು ಬದಲಾದರೂ ಆ ಫೈಲು ನಿನ್ನ ಜೊತೆಗೇ ಬರಲಿ.