ಶಾಸಕರ ಓಟು ಯಾರ ಸ್ವತ್ತು?

ಈ ಸಂಚಿಕೆಗೆ ಸಮಾಜ ವಿಜ್ಞಾನದ ಒಂದು ಪಾಠವನ್ನು ನಾನು ಬರೆಯುತ್ತಿದ್ದೇನೆ. ನಾನಾಗಿ ಬರೆಯುತ್ತಿಲ್ಲ, ನಮ್ಮ ಸರ್ ಬರೆಸುತ್ತಿದ್ದಾರೆ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಈ ವರ್ಷದ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನಾನು ಮುಖ್ಯಮಂತ್ರಿ ಸ್ಥಾನಕ್ಕೆ ನಿಂತಿದ್ದೆ. ಹರಿಹರದ ಪೇಟೆಯಿಂದ ಐದೈದು ರೂಪಾಯಿಯ 12 ಪೆನ್ನು ತಂದು ಎಂಟನೇ ತರಗತಿಯ ಹುಡುಗರಿಗೆ ಗುಟ್ಟಾಗಿ ಹಂಚಿದೆ. 4 ಓಟಿನಿಂದ ಗೆದ್ದೆ. ಆಮೇಲೆ ಗೊತ್ತಾಯಿತು, ಪೆನ್ನು ತಗೊಂಡವರಲ್ಲಿ ಒಬ್ಬ ನನಗೆ ಓಟೇ ಹಾಕಿಲ್ಲ ಅಂತ. ಅವನೇ ಬಾಯಿ ಬಿಟ್ಟಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಪೆನ್ನು ತಗೊಂಡು ಮೋಸ ಮಾಡ್ತೀಯೇನಲೇ" ಅಂತ ನೀರಿನ ಟ್ಯಾಂಕಿನ ಹತ್ತಿರ ಜಗಳ ತೆಗೆದೆ. ವಿಷಯ ಸರ್ ಕಿವಿಗೆ ಬಿತ್ತು.

ಸರ್ ಹೊಡೆಯಲಿಲ್ಲ. "ಆ 12 ಜನರಲ್ಲಿ ತಪ್ಪು ಮಾಡಿದವನು ಯಾರಪ್ಪಾ?" ಅಂತ ಕೇಳಿದರು. "ಅವನೇ ಸಾರ್, ಉಳಿದ 11 ಜನ ಮಾತು ಉಳಿಸಿಕೊಂಡಾರೆ" ಅಂದೆ. ಸರ್ ನಕ್ಕು, "ನಮ್ಮ ಸುಪ್ರೀಂ ಕೋರ್ಟೂ ಒಂದು ಸಲ ಹೆಚ್ಚುಕಡಿಮೆ ಹಿಂಗೇ ಹೇಳಿತ್ತು. ಅದನ್ನ ಓದಿ, ಬರೆದು, ಗೋಡೆಗೆ ಹಾಕು. ಅದೇ ನಿನಗೆ ಶಿಕ್ಷೆ" ಅಂದರು.

ಆದ್ದರಿಂದ ಈಗ ಪಾಠ.

ನಾವು ಓಟು ಹಾಕಿ ಒಬ್ಬರನ್ನು ವಿಧಾನಸಭೆಗೆ ಕಳಿಸುತ್ತೇವೆ. ಅವರು ಅಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ, ಕಾಯ್ದೆಗೆ ಓಟು ಹಾಕುತ್ತಾರೆ, ಸರ್ಕಾರ ಇರಬೇಕೋ ಬೀಳಬೇಕೋ ಅನ್ನುವುದಕ್ಕೂ ಓಟು ಹಾಕುತ್ತಾರೆ. ಆ ಓಟು ನೋಡೋಕೆ ಅವರದು, ಆದರೆ ಅದರೊಳಗೆ ನಮ್ಮೆಲ್ಲರ ಓಟು ಇರುತ್ತದೆ. ಸದನದಲ್ಲಿ ಆಡಿದ ಮಾತಿಗಾಗಲೀ, ಹಾಕಿದ ಓಟಿಗಾಗಲೀ ಶಾಸಕರ ಮೇಲೆ ಕೋರ್ಟಿನಲ್ಲಿ ಕೇಸು ಹಾಕುವಂತಿಲ್ಲ ಎಂದು ನಮ್ಮ ಸಂವಿಧಾನದ 194(2)ನೇ ವಿಧಿ ಹೇಳುತ್ತದೆ. ಸಂಸತ್ ಸದಸ್ಯರಿಗೆ ಇದೇ ರಕ್ಷಣೆ 105(2)ನೇ ವಿಧಿಯಲ್ಲಿದೆ. ಇದು ಒಳ್ಳೆಯದಕ್ಕೇ ಇಟ್ಟದ್ದು. ಇಲ್ಲದಿದ್ದರೆ ಸರ್ಕಾರದ ವಿರುದ್ಧ ಮಾತಾಡಿದವರನ್ನೆಲ್ಲಾ ಜೈಲಿಗೆ ಹಾಕಬಹುದಿತ್ತು. ಆದರೆ ದುಡ್ಡು ತಗೊಂಡು ಓಟು ಹಾಕಿದರೂ ಈ ರಕ್ಷಣೆ ಸಿಗುತ್ತದೆಯೇ? ಅಲ್ಲಿಯೇ ಗಂಟು ಬಿದ್ದದ್ದು.

ಸ್ವಾತಂತ್ರ್ಯ ಬಂದ ಹೊಸತರಲ್ಲೇ ಇಂಥ ಒಂದು ಪ್ರಕರಣ ನಡೆದಿತ್ತು. 1951ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾಗಿದ್ದ ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಎಂಬುವವರು (ಹೆಸರು ನೋಡಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ, ಆದರೆ ಮುಂಬಯಿಯ ಪ್ರತಿನಿಧಿ) ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸಂಸತ್ತಿನಲ್ಲಿ ಅವರ ಪರವಾಗಿ ಕೆಲಸ ಮಾಡಿದರೆಂದು ಆರೋಪ ಬಂತು. ಪ್ರಧಾನಿ ನೆಹರೂ ಅವರೇ ಮುಂದಾಗಿ ವಿಚಾರಣಾ ಸಮಿತಿ ಮಾಡಿಸಿದರು. ಮುದ್ಗಲ್ ಅವರು ನೆಹರೂ ಅವರ ಕಾಂಗ್ರೆಸ್ ಪಕ್ಷದವರೇ ಎಂಬುದನ್ನು ಗಮನಿಸಬೇಕು. ತಪ್ಪು ನಿಜವೆಂದು ಸಮಿತಿ ಹೇಳಿತು. ಸೆಪ್ಟೆಂಬರಿನಲ್ಲಿ ಹೊರಹಾಕುವ ನಿರ್ಣಯ ಪಾಸಾಗುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಸದನ ಅಷ್ಟಕ್ಕೆ ಬಿಡದೆ, ಇವರು ಹೊರಹಾಕಲು ತಕ್ಕವರೇ ಆಗಿದ್ದರು ಎಂದು ದಾಖಲೆ ಮಾಡಿತು.

ಅದಾಗಿ 42 ವರ್ಷಕ್ಕೆ, 1993ರ ಜುಲೈ 28ರಂದು, ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯ ಬಂತು. ಸರ್ಕಾರ ಬೀಳಬೇಕು ಅಂದವರು 251, ಬೇಡ ಅಂದವರು 265. ಬರೀ 14 ಓಟಿನಲ್ಲಿ ಸರ್ಕಾರ ಉಳಿಯಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ಸದಸ್ಯರು ಮತ್ತು ಇನ್ನು ಕೆಲವರು ಲಂಚ ಪಡೆದು ಸರ್ಕಾರ ಉಳಿಸಿದರೆಂದು ಆಮೇಲೆ ಮೊಕದ್ದಮೆ ಆಯಿತು. 1998ರ ಏಪ್ರಿಲ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ಮೂವರು ಕೊಟ್ಟ ತೀರ್ಪು ಹೀಗಿತ್ತು: ದುಡ್ಡು ತಗೊಂಡು, ಹೇಳಿದ ಹಾಗೆ ಓಟು ಹಾಕಿದವರಿಗೆ ರಕ್ಷಣೆ ಇದೆ, ಕೇಸು ನಡೆಯುವುದಿಲ್ಲ. ದುಡ್ಡು ತಗೊಂಡ ಆರೋಪ ಇದ್ದು ಓಟೇ ಹಾಕದೆ ಉಳಿದವರಿಗೆ ರಕ್ಷಣೆ ಇಲ್ಲ. ಲಂಚ ಕೊಟ್ಟವರಿಗೂ ಇಲ್ಲ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ 11 ಜನ ಬಚಾವ್, ಆ ಒಬ್ಬ ಹುಡುಗ ಸಿಕ್ಕಿಬಿದ್ದ! ನಾನೂ ಇದನ್ನೇ ಅಲ್ಲವೇ ಹೇಳಿದ್ದು?

ಈ ತೀರ್ಪು ಸುಮಾರು 26 ವರ್ಷ ನಡೆಯಿತು. ಮಧ್ಯೆ 2005ರಲ್ಲಿ ಪತ್ರಕರ್ತರು ಗುಪ್ತ ಕ್ಯಾಮರಾ ಇಟ್ಟು, ಪ್ರಶ್ನೆ ಕೇಳೋಕೆ ದುಡ್ಡು ತಗೊಂಡ 11 ಜನ ಸಂಸತ್ ಸದಸ್ಯರನ್ನು ಟಿ.ವಿ.ಯಲ್ಲಿ ತೋರಿಸಿದರು. ಅದರಲ್ಲಿ ಒಬ್ಬರು ತಗೊಂಡದ್ದು ಬರೀ 15 ಸಾವಿರ. ಡಿಸೆಂಬರ್ 23ರಂದು ಅಷ್ಟೂ ಜನರನ್ನು ಸದನಗಳೇ ಹೊರಹಾಕಿದವು. ಅಂದರೆ ಸದನ ಮನಸ್ಸು ಮಾಡಿದರೆ ತನ್ನ ಮನೆ ತಾನೇ ಗುಡಿಸಿಕೊಳ್ಳಬಹುದು. ಆದರೆ ಕೋರ್ಟಿನ ಬಾಗಿಲು ಅರ್ಧ ಮುಚ್ಚಿಯೇ ಇತ್ತು.

ಅದು ಪೂರ್ತಿ ತೆರೆದದ್ದು 2024ರ ಮಾರ್ಚ್ 4ರಂದು. ಜಾರ್ಖಂಡಿನ ಶಾಸಕಿ ಸೀತಾ ಸೊರೇನ್ ಅವರ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಏಳು ಜನರ ಪೀಠ ಒಮ್ಮತದಿಂದ ಹಳೆಯ ತೀರ್ಪನ್ನು ತೆಗೆದುಹಾಕಿತು. ಲಂಚ ಒಪ್ಪಿಕೊಂಡ ಗಳಿಗೆಯಲ್ಲೇ ಅಪರಾಧ ಮುಗಿಯಿತು, ಆಮೇಲೆ ಓಟು ಹಾಕಿದರೋ ಬಿಟ್ಟರೋ ಅದು ಲೆಕ್ಕಕ್ಕಿಲ್ಲ ಎಂದಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 12 ಪೆನ್ನಿಗೆ 12 ತಪ್ಪು. ಹಂಚಿದವನದು ಹದಿಮೂರನೆಯದು.

ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ವಿಷಯ ಎಲ್ಲರಿಗೂ ತಿಳಿದಿದೆ. 2023ರ ಮಾರ್ಚ್‌ನಲ್ಲಿ ಚನ್ನಗಿರಿಯ ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಮಗ 40 ಲಕ್ಷ ಲಂಚ ಪಡೆಯುತ್ತಿದ್ದರೆಂದು ಬೆಂಗಳೂರಿನಲ್ಲಿ ಲೋಕಾಯುಕ್ತ ಪೊಲೀಸರು ಹಿಡಿದರು. ಶಾಸಕರು ಸಾಬೂನು ಕಾರ್ಖಾನೆಯ ನಿಗಮದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಅದೇ ತಿಂಗಳು ಅವರನ್ನೂ ಬಂಧಿಸಲಾಯಿತು. ನಾನು ಇಷ್ಟೇ ಬರೆದು "ಕಳ್ಳರು" ಅಂತ ಸೇರಿಸಿದ್ದೆ. ಸರ್ ಕೆಂಪು ಇಂಕಿನಲ್ಲಿ ಹೊಡೆದುಹಾಕಿದರು. ಡಿಸೆಂಬರಿನಲ್ಲಿ ಹೈಕೋರ್ಟು ತಂದೆಯ ಮೇಲಿನ ಕೇಸನ್ನು ರದ್ದು ಮಾಡಿದೆ, ಅದನ್ನೂ ಬರೆ ಅಂದರು. ಬರೆದಿದ್ದೇನೆ.

ರಾತ್ರಿ ಇದನ್ನೆಲ್ಲಾ ಅಜ್ಜನಿಗೆ ಓದಿ ಹೇಳಿದೆ. ಅಜ್ಜ, "ಬರೀ ತಿಂದೋರ ಕತೆನೇ ಬರೀತೀಯೇನಪ್ಪಾ, ತಿನ್ನದೇ ಇದ್ದೋರೂ ಅದಾರೆ" ಅಂದ. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರ ವಿಷಯ ಹೇಳಿದ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ಹೋರಾಡಿದವರು. 1952ರಲ್ಲಿ ಚುನಾವಣೆಗೆ ನಿಂತಾಗ ಅವರ ಹತ್ತಿರ ದುಡ್ಡಿರಲಿಲ್ಲ. "ಒಂದು ಓಟು, ಒಂದು ನೋಟು" ಅಂತ ಜನರನ್ನೇ ಕೇಳಿದರು. ಜನ ನೋಟೂ ಕೊಟ್ಟರು, ಓಟೂ ಕೊಟ್ಟರು. ಮೂರು ಸಲ ಶಾಸಕರಾದರೂ ಆಸ್ತಿ ಮಾಡಿಕೊಳ್ಳದೆ 1972ರಲ್ಲಿ ತೀರಿಕೊಂಡರು. ದಾವಣಗೆರೆಯಲ್ಲಿ ಮಿಲ್ಲು ಕಾರ್ಮಿಕರ ಮುಖಂಡರಾಗಿದ್ದು, ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾದ ಪಂಪಾಪತಿಯವರ ಹೆಸರನ್ನೂ ಅಜ್ಜ ಹೇಳಿದ. ಅಜ್ಜ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ.

ಆಗ ಓಟು ಹಾಕುವವರೇ ನೋಟು ಕೊಡುತ್ತಿದ್ದರು, ಈಗ ಉಲ್ಟಾ ಆಗಿದೆ. 2023ರ ಮೇ 10ರ ಚುನಾವಣೆಗೆ ಎರಡು ದಿನ ಮೊದಲು ನಮ್ಮ ಮನೆಗೂ ಒಂದು ಕವರು ಬಂದಿತ್ತು. ಯಾವ ಪಕ್ಷದ್ದು ಅಂತ ಬರೆಯುವುದಿಲ್ಲ. ಅವ್ವ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಳು. ಆ ತಿಂಗಳು ಗೊಬ್ಬರದ ಅಂಗಡಿಯ ಸಾಲ ಇತ್ತು. ಓಟಿಗೆ ದುಡ್ಡು ಕೊಡುವುದಷ್ಟೇ ಅಲ್ಲ, ತಗೊಳ್ಳುವುದೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಇದನ್ನು ಹೇಳುತ್ತದೆ, ಹಳೆಯ ದಂಡ ಸಂಹಿತೆಯಲ್ಲೂ ಇತ್ತು. ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಇದನ್ನು ಅವ್ವನಿಗೆ ಓದಿ ಹೇಳಿದಾಗ, "ಹಂಗಾದ್ರೆ ಊರೆಲ್ಲಾ ಜೈಲಿಗೆ ಹೋಗ್ಬೇಕಾತು" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಆ ದುಡ್ಡು ತಗೊಂಡ ಮೇಲೆ ನಾಲೆ ನೀರು ಬರಲಿಲ್ಲ ಅಂತ ಕೇಳೋಕೆ ನಿಮ್ಮಪ್ಪ ಹೋಗ್ಲೇ ಇಲ್ಲ ನೋಡು" ಅಂತ ತನ್ನಷ್ಟಕ್ಕೆ ಹೇಳಿಕೊಂಡಳು.

ಚುನಾವಣೆಗೆ ನಿಲ್ಲುವವರೆಲ್ಲಾ ತಮ್ಮ ಆಸ್ತಿ, ಸಾಲ, ಮೇಲಿರುವ ಕೇಸುಗಳ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಇದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದದ್ದು. ಯಾರು ಬೇಕಾದರೂ ಅದನ್ನು ನೋಡಬಹುದು. ಗೆದ್ದ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿಯ ಲೆಕ್ಕ ಕೊಡಬೇಕೆಂದು 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿದೆ. ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಸರ್ ಮುಂದಿನ ವಾರ ಒಂಬತ್ತನೇ ತರಗತಿಗೆ ತೋರಿಸುತ್ತಾರಂತೆ. ಬೇರೆ ತರಗತಿಯವರೂ ಬರಬಹುದು.

ನಾನು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಶನಿವಾರ ಮತ್ತೆ ಚುನಾವಣೆ, ನಾನು ನಿಲ್ಲುವಂತಿಲ್ಲ. 12 ಪೆನ್ನುಗಳಲ್ಲಿ 7 ವಾಪಸ್ ಬಂದಿವೆ, ಅದರಲ್ಲಿ 3ಕ್ಕೆ ಇಂಕು ಮುಗಿದಿದೆ. ಉಳಿದದ್ದರಲ್ಲಿ ಒಂದರಿಂದಲೇ ಇದನ್ನು ಬರೆದದ್ದು. ನನಗೆ ಓಟು ಹಾಕದ ಆ ಹುಡುಗ ಇನ್ನೂ ಪೆನ್ನು ಕೊಟ್ಟಿಲ್ಲ. ಕೇಳೋಣವೆಂದರೆ ಯಾವ ಬಾಯಿಂದ ಕೇಳಲಿ ಅಂತ ಸುಮ್ಮನಿದ್ದೇನೆ.